ನಿಮ್ಮ ಓಣಿಯ ಫೋಟೊ ನೀವೇ ತೆಗೆಯಿರಿ

ಬೀಳಗಿಯ ಸಂತೆಯಲ್ಲಿ ಕ್ಯಾಮರಾ ಹಿಡಿದು ನಿಂತರೆ ಹತ್ತು ನಿಮಿಷದೊಳಗೆ ಯಾರಾದರೊಬ್ಬರು ಬಂದು ಕೇಳುತ್ತಾರೆ, ‘ಯಾವ ಪೇಪರಿನವ್ರರೀ?’ ಪೇಪರಿನವನಲ್ಲ ಎಂದರೆ ಮುಂದಿನ ಪ್ರಶ್ನೆ, ‘ಮತ್ತ ಇಲ್ಲೇನ್ ತಗೀತೀರಿ? ಇಲ್ಲೇನೈತಿ?’ ಕೇಳುವುದು ಸಹಜವೇ. ನಮ್ಮ ಕಡೆ ಫೋಟೊ ಅಂದರೆ ಮದುವೆಯದು, ಕುಬಸದ್ದು, ಜಾವಳದ್ದು, ಇಲ್ಲವೇ ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜಿನದು. ಸಂತೆಯ ಫೋಟೊವನ್ನು ಯಾರೂ ದುಡ್ಡು ಕೊಟ್ಟು ತೆಗೆಸುವುದಿಲ್ಲ. ಆದರೂ ಅದನ್ನು ತೆಗೆಯುವವರು ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಈ ಕೆಲಸ ಏನು, ಹೇಗೆ ಮಾಡುವುದು, ಎಷ್ಟು ಖರ್ಚು ಬರುತ್ತದೆ ಎಂದು ಬಹಳ ಮಂದಿ ಕೇಳಿದ್ದಾರೆ. ಅವರಿಗೆ ನಿಂತ ನಿಲುವಿನಲ್ಲಿ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಇದಕ್ಕೆ ಸ್ಟ್ರೀಟ್ ಫೋಟೊಗ್ರಫಿ ಎಂದು ಹೆಸರು. ಬೀದಿಯಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ಜನ ತಮ್ಮ ಪಾಡಿಗೆ ತಾವು ಇರುವಾಗ ತೆಗೆಯುವ ಚಿತ್ರ. ಯಾರನ್ನೂ ಸಾಲಾಗಿ ನಿಲ್ಲಿಸುವುದಿಲ್ಲ, ‘ನಗ್ರಿ’ ಎನ್ನುವುದಿಲ್ಲ, ಲೈಟು ಹಚ್ಚುವುದಿಲ್ಲ. ಇದ್ದದ್ದು ಇದ್ದ ಹಾಗೆ. ಬೀದಿ ಅಂದರೆ ಡಾಂಬರು ರಸ್ತೆಯೇ ಆಗಬೇಕಿಲ್ಲ. ಗುಡಿಯ ಕಟ್ಟೆ, ಚಹಾದಂಗಡಿಯ ಬೆಂಚು, ಹಿಟ್ಟಿನ ಗಿರಣಿಯ ಮುಂದಿನ ಸಾಲು, ಎಲ್ಲವೂ ಬೀದಿಯೇ.

‘ಇದರಿಂದ ಏನು ಉಪಯೋಗ?’ ಎಂದು ಕೇಳಿದರೆ ನಾನು ಮುಳುಗಡೆಯ ಮಾತು ತೆಗೆಯುತ್ತೇನೆ. ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್ ಮಟ್ಟಕ್ಕೆ. ಇಷ್ಟಕ್ಕೇ ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು, ನಮ್ಮ ತಾಲೂಕಿನ ಹೊಳೆದಂಡೆಯ ಊರುಗಳು ಪುನರ್ವಸತಿ ಕೇಂದ್ರಗಳಾದವು. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿದೆ. ಅದು ಜಾರಿಯಾದರೆ ಇನ್ನಷ್ಟು ಊರು ಏಳಬೇಕು. ಎದ್ದು ಬಂದವರ ಮನೆಗಳಿಗೆ ನಾನು ಹೋಗಿದ್ದೇನೆ. ಟ್ರಂಕಿನಿಂದ ಮದುವೆಯ ಆಲ್ಬಂ ತೆಗೆದು ತೋರಿಸುತ್ತಾರೆ. ಅದರಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗ ಇದ್ದಾನೆ, ಹಿಂದೆ ಬಣ್ಣದ ಪರದೆ ಇದೆ. ಮನೆಯ ಬಾಗಿಲು, ಎದುರಿನ ಬೇವಿನ ಗಿಡ, ನೀರಿಗೆ ಹೋಗುವ ದಾರಿ ಯಾವ ಚಿತ್ರದಲ್ಲೂ ಇಲ್ಲ. ಒಬ್ಬ ಹಿರಿಯರು ಆಲ್ಬಮ್ಮಿನ ಒಂದು ಮೂಲೆಗೆ ಬೆರಳಿಟ್ಟು, ‘ಇದೊಂಚೂರು ಕಾಣತೈತಿ ನೋಡ್ರಿ, ನಮ್ಮ ಕಟ್ಟಿ’ ಎಂದರು. ಅಂಗೈ ಅಗಲದ ಕಲ್ಲು. ಫೋಟೊಗ್ರಾಫರ್ ಬೇಕೆಂದು ತೆಗೆದದ್ದಲ್ಲ, ಚೌಕಟ್ಟಿನೊಳಗೆ ಹೇಗೋ ಬಂದಿತ್ತು. ಅವರಿಗೆ ಉಳಿದ ಊರು ಅಷ್ಟೇ.

ನಮ್ಮ ಬಾಗಲಕೋಟೆ ಜಿಲ್ಲೆಗೆ ಕ್ಯಾಮರಾ ತಡವಾಗಿ ಬಂದಿತೆಂದು ತಿಳಿಯಬೇಡಿ. 1855ರ ಸುಮಾರಿಗೇ ಥಾಮಸ್ ಬಿಗ್ಸ್ ಎಂಬ ಅಧಿಕಾರಿ ಮುಂಬೈ ಪ್ರಾಂತ್ಯದ ಸರ್ಕಾರದ ಕೆಲಸಕ್ಕಾಗಿ ಬಾದಾಮಿ, ಐಹೊಳೆಗಳ ಗುಡಿಗಳನ್ನು ಚಿತ್ರದಲ್ಲಿ ಹಿಡಿದ. ಗುಡಿಯ ಚಿತ್ರ ಅಂದಿನಿಂದ ಇಂದಿನವರೆಗೆ ಸಾವಿರಾರು ಸಲ ಆಗಿದೆ, ಇನ್ನೂ ಆಗುತ್ತಿದೆ. ಹಿಂದಿ ಚಿತ್ರರಂಗದಲ್ಲಿ ಹೆಸರಾದ ಗಾಯಕಿ ಅಮೀರಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು. ಅವರ ಮುಖ ಸಿನಿಮಾದಲ್ಲಿ ಉಳಿದಿದೆ. ಅವರು ಆಡಿ ಬೆಳೆದ ಕಾಲದ ಬೀಳಗಿಯ ಓಣಿಯ ಒಂದು ಚಿತ್ರವನ್ನು ನಾನು ಇದುವರೆಗೆ ಕಂಡಿಲ್ಲ. ಹಾಗಾಗಿ ಇವತ್ತು ನೀವು ತೆಗೆಯುವ ಕಿರಾಣಿ ಅಂಗಡಿಯ ಚಿತ್ರಕ್ಕೆ ಬೆಲೆ ಇದೆ.

ಕನ್ನಡಿಗರಿಗೆ ಈ ದಾರಿಯಲ್ಲಿ ಒಬ್ಬ ದೊಡ್ಡ ಹಿರಿಯರಿದ್ದಾರೆ, ಟಿ.ಎಸ್. ಸತ್ಯನ್. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಪತ್ರಿಕಾ ಛಾಯಾಗ್ರಾಹಕರಾಗಿ ದೇಶವೆಲ್ಲ ತಿರುಗಿದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಹಳ್ಳಿಹಳ್ಳಿಗಳಲ್ಲಿ ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ತೀರಿಕೊಂಡರು. ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡಿದವರಿಗೆ ಒಂದು ವಿಷಯ ತಟ್ಟನೆ ಕಾಣುತ್ತದೆ. ಚಿತ್ರದಲ್ಲಿರುವವರು ಕ್ಯಾಮರಾಕ್ಕೆ ಹೆದರಿಲ್ಲ. ಆಡುವ ಹುಡುಗ ಆಡುತ್ತಲೇ ಇದ್ದಾನೆ, ದುಡಿಯುವವಳು ದುಡಿಯುತ್ತಲೇ ಇದ್ದಾಳೆ. ಅವರ ಕನ್ನಡ ಪುಸ್ತಕ ‘ಕಾಲಕ್ಕೆ ಕನ್ನಡಿ’ ಸಿಕ್ಕರೆ ಓದಿ. ಇಂಗ್ಲಿಷಿನ ‘ಅಲೈವ್ ಅಂಡ್ ಕ್ಲಿಕ್ಕಿಂಗ್’ 2005ರಲ್ಲಿ ಬಂತು.

ಈಗ ಕೆಲಸಕ್ಕೆ ಬರೋಣ. ಯೂಟ್ಯೂಬಿನಲ್ಲಿ ಸಿಗುವ ಪಾಠಗಳು ಹೆಚ್ಚಾಗಿ ದೊಡ್ಡ ಊರುಗಳವರು ಮಾಡಿದ್ದು. ಸದ್ದಿಲ್ಲದೆ ಹೋಗಿ, ಸೊಂಟದ ಮಟ್ಟದಿಂದ ಫಟ್ಟನೆ ಕ್ಲಿಕ್ ಮಾಡಿ, ಮುಂದೆ ನಡೆಯಿರಿ ಎಂದು ಹೇಳಿಕೊಡುತ್ತಾರೆ. ಮುಂಬೈನಲ್ಲಿ ಅದು ನಡೆದೀತು. ಬೀಳಗಿಯಲ್ಲಿ ನಡೆಯುವುದಿಲ್ಲ. ಇಲ್ಲಿ ನೀವು ಯಾರ ಮಗ, ಯಾರ ಸೊಸೆ ಎಂಬುದು ಸಂತೆಗೆಲ್ಲ ಗೊತ್ತು. ಕದ್ದು ತೆಗೆದರೆ ಸಂಜೆಯೊಳಗೆ ಮಾತು ಮನೆಗೆ ಬರುತ್ತದೆ. ಗುರುತು ಇರುವುದನ್ನೇ ಅನುಕೂಲ ಮಾಡಿಕೊಳ್ಳಬೇಕು ಎಂಬುದು ನನ್ನ ಪದ್ಧತಿ.

ಹೀಗೆ ಮಾಡುತ್ತೇನೆ. ಸಂತೆಗೆ ಹೋದ ಕೂಡಲೇ ಕ್ಯಾಮರಾ ಕಣ್ಣಿಗೆ ಹಿಡಿಯುವುದಿಲ್ಲ. ಕೊರಳಿಗೆ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಒಂದು ಸುತ್ತು ಹಾಕುತ್ತೇನೆ. ಬದನೆಕಾಯಿಯೋ ಸವತೆಕಾಯಿಯೋ ಕೊಳ್ಳುತ್ತೇನೆ. ಒಂದು ಕಪ್ ಚಾ ಕುಡಿಯುತ್ತೇನೆ. ಆ ಹೊತ್ತಿನಲ್ಲಿ ಬೆಳಕು ಎಲ್ಲಿ ಬೀಳುತ್ತಿದೆ, ಯಾವ ಅಂಗಡಿಯ ಮುಂದೆ ಜನ ನಿಂತು ಹೊರಡುತ್ತಾರೆ ಎಂದು ನೋಡಿಕೊಳ್ಳುತ್ತೇನೆ. ಆಮೇಲೆ ಒಂದು ಜಾಗ ಹಿಡಿದು ನಿಲ್ಲುತ್ತೇನೆ. ಅರ್ಧ ತಾಸು, ಒಮ್ಮೊಮ್ಮೆ ಒಂದು ತಾಸು. ಮೊದಲ ಹತ್ತು ನಿಮಿಷ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಆಮೇಲೆ ಗಿರಾಕಿ ಬರುತ್ತಾರೆ, ತೂಕ ಮಾಡಬೇಕು, ಚಿಲ್ಲರೆ ಕೊಡಬೇಕು, ನಿಮ್ಮನ್ನು ಮರೆಯುತ್ತಾರೆ. ಚಿತ್ರ ಶುರುವಾಗುವುದು ಆಗ.

ಒಂದು ಉದಾಹರಣೆ ಕೊಡುತ್ತೇನೆ. ಸಂತೆಯ ಅಂಚಿನಲ್ಲಿ ಗೋಣಿತಟ್ಟು ಹಾಸಿ ಬಳೆ ಮಾರುವ ಅಜ್ಜಿಯೊಬ್ಬರು ಕೂರುತ್ತಿದ್ದರು. ಹಸಿರು ಗಾಜಿನ ಬಳೆಯ ಸಾಲು ದಾರದಲ್ಲಿ ಪೋಣಿಸಿ ಇಟ್ಟಿರುತ್ತಿದ್ದರು. ತೊಡಿಸುವ ರೀತಿ ನೋಡಿ. ಮೊದಲು ಎದುರಿನವಳ ಕೈಯನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಳ್ಳುವರು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬೆರಳ ಗೆಣ್ಣುಗಳನ್ನು ಮೆಲ್ಲಗೆ ಅಮುಕುವರು. ಬಳೆ ಗೆಣ್ಣಿನ ಹತ್ತಿರ ಬಂದಾಗ ಅಜ್ಜಿ ಮಾತು ನಿಲ್ಲಿಸುವರು. ತೊಡಿಸಿಕೊಳ್ಳುವವಳು ಹಲ್ಲು ಕಚ್ಚಿ ಬೇರೆ ಕಡೆ ಮುಖ ತಿರುಗಿಸುವಳು. ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿದ ಕೂಡಲೇ ಇಬ್ಬರ ಹೆಗಲೂ ಸಡಿಲಾಗುವವು. ಎಲ್ಲ ಮುಗಿದ ಮೇಲೆ ಬಳೆ ತೊಟ್ಟವಳು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುವಳು.

ಇದರಲ್ಲಿ ಚಿತ್ರ ಯಾವುದು? ನಾನು ಮೊದಲು ಅಮುಕುವ ಕೈಯನ್ನೇ ತೆಗೆಯುತ್ತಿದ್ದೆ. ಬಳೆ, ಬೆರಳು, ಅಷ್ಟೇ. ಐದಾರು ಸಂತೆ ಆದ ಮೇಲೆ ತಿಳಿಯಿತು, ಎರಡು ಹೆಜ್ಜೆ ಹಿಂದೆ ಸರಿದು, ಕೆಳಗೆ ಕುಳಿತು ತೆಗೆದರೆ ಅಜ್ಜಿಯ ಬಾಗಿದ ತಲೆ, ಆಚೆ ತಿರುಗಿದ ಮುಖ, ನಡುವೆ ಆ ಕೈ, ಮೂರೂ ಬರುತ್ತವೆ ಎಂದು. ಎದ್ದು ನಿಂತು ತೆಗೆದರೆ ಇಬ್ಬರ ನೆತ್ತಿ ಮಾತ್ರ ಕಾಣುತ್ತದೆ. ನೆಲದ ಮೇಲೆ ಕೂತವರ ಚಿತ್ರವನ್ನು ನೆಲದ ಮೇಲೆ ಕೂತೇ ತೆಗೆಯಬೇಕು. ಇದನ್ನು ಯಾವ ಪುಸ್ತಕವೂ ನನಗೆ ಹೇಳಿಕೊಡಲಿಲ್ಲ, ಮೊಣಕಾಲು ಹೇಳಿಕೊಟ್ಟಿತು.

ಬೆಳಕಿನ ವಿಷಯ. ನಮ್ಮ ಬಯಲುಸೀಮೆಯ ಬಿಸಿಲು ಫೋಟೊಕ್ಕೆ ಬಹಳ ಕಠಿಣ. ನಡುಹಗಲಿನಲ್ಲಿ ಬಿಳಿ ಟೊಪ್ಪಿಗೆ ಸುಣ್ಣದ ಹಾಗೆ ಉರಿಯುತ್ತದೆ, ಅದರ ಕೆಳಗಿನ ಮುಖ ಇದ್ದಲಿನ ಹಾಗೆ ಕಪ್ಪಾಗುತ್ತದೆ. ಬೆಳಗಿನ ಎಂಟೂವರೆಯೊಳಗೆ, ಸಂಜೆ ಐದರ ಮೇಲೆ ಹೋಗಿ. ಸಂತೆ ತುಂಬುವುದು ಮಧ್ಯಾಹ್ನವಾದರೆ ನೆರಳಿನ ಅಂಚು ಹುಡುಕಿ. ಗೋಡೆಯ ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆ ಇರುತ್ತದಲ್ಲ, ಅದಕ್ಕಿಂತ ಒಂದು ಮೊಳ ಒಳಗೆ ಇರುವ ಮುಖಕ್ಕೆ ಒಳ್ಳೆಯ ಬೆಳಕು ಸಿಗುತ್ತದೆ. ತಾಡಪತ್ರಿಯ ಬಗ್ಗೆ ಎಚ್ಚರ ಇರಲಿ. ನೀಲಿ ತಾಡಪತ್ರಿಯ ಕೆಳಗೆ ಕೂತವರ ಮುಖವೂ ಟೊಮೆಟೊವೂ ನೀಲಿಯಾಗಿ ಬರುತ್ತವೆ. ಕಣ್ಣು ಅದನ್ನು ಸರಿಮಾಡಿಕೊಳ್ಳುತ್ತದೆ, ಕ್ಯಾಮರಾ ಮಾಡಿಕೊಳ್ಳುವುದಿಲ್ಲ. ಅಂಥ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿದರೆ ಉಳಿಯುತ್ತದೆ.

ಕ್ಯಾಮರಾದೊಳಗೆ ಗೊತ್ತಿರಬೇಕಾದದ್ದು ಮೂರೇ ಸಂಗತಿ. ಶಟರ್ ಸ್ಪೀಡ್, ಅಂದರೆ ಕ್ಯಾಮರಾದ ಕಣ್ಣು ಎಷ್ಟು ಹೊತ್ತು ತೆರೆದಿರುತ್ತದೆ ಎಂಬ ಲೆಕ್ಕ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿಯ ಅಗಲ. ಇದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಐಎಸ್‌ಒ, ಅಂದರೆ ಬೆಳಕನ್ನು ಎಷ್ಟು ಚುರುಕಾಗಿ ಗ್ರಹಿಸಬೇಕು ಎಂಬ ಸೂಚನೆ. ಜಾಸ್ತಿ ಮಾಡಿದರೆ ಕತ್ತಲೆಯಲ್ಲೂ ಚಿತ್ರ ಬರುತ್ತದೆ, ಆದರೆ ರವೆ ಚೆಲ್ಲಿದ ಹಾಗೆ ಚುಕ್ಕಿ ಕಾಣಿಸುತ್ತವೆ.

ನಡೆಯುವ ಮನುಷ್ಯ ಅಲುಗದೆ ಬರಬೇಕಾದರೆ ಶಟರ್ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನ ಇರಬಾರದು. ಓಡುವ ಹುಡುಗರಿಗೆ 500ನೇ ಒಂದು ಭಾಗ. ಬಯಲ ಬಿಸಿಲಿನಲ್ಲಿ ನಾನು ಐಎಸ್‌ಒ 200, ಎಫ್ 8, ಶಟರ್ 800ನೇ ಒಂದು ಭಾಗ ಇಟ್ಟುಬಿಡುತ್ತೇನೆ. ಇದು ಹಳೇ ಫಿಲ್ಮ್ ಕಾಲದವರ ಲೆಕ್ಕದಿಂದ ಬಂದದ್ದು: ನಿಚ್ಚಳ ಬಿಸಿಲಿದ್ದರೆ ಎಫ್ 16 ಇಡು, ಐಎಸ್‌ಒ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರ್ ಇಡು ಎನ್ನುತ್ತಿದ್ದರು. ನೆರಳಿಗೆ ಹೋದಾಗ ಐಎಸ್‌ಒ 1600ರವರೆಗೆ ಏರಿಸುತ್ತೇನೆ. ಚುಕ್ಕಿ ಬಂದರೂ ಚಿಂತೆಯಿಲ್ಲ, ಅಲುಗಿದ ಮುಖವನ್ನು ಮಾತ್ರ ಆಮೇಲೆ ಸರಿಪಡಿಸಲಾಗದು.

ಫೋಕಸ್‌ಗೆ ಒಂದು ಉಪಾಯವಿದೆ. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮರಾದ ಜೊತೆ ಬರುವ 18–55 ಲೆನ್ಸನ್ನು 18ಕ್ಕೆ ಇಡಿ. ಎಫ್ 8 ಇಡಿ. ಸುಮಾರು ಎರಡು ಮೀಟರ್, ಅಂದರೆ ಮೂರು ಹೆಜ್ಜೆ ದೂರದ ವಸ್ತುವಿಗೆ ಫೋಕಸ್ ಮಾಡಿ, ಲೆನ್ಸಿನ ಪಕ್ಕದ ಗುಂಡಿಯನ್ನು ಮ್ಯಾನುಯಲ್ ಕಡೆ ತಳ್ಳಿ. ಈಗ ಒಂದು ಮೀಟರಿನಿಂದ ಕಣ್ಣು ಹಾಯುವವರೆಗೆ ಬಹುತೇಕ ಎಲ್ಲವೂ ನಿಚ್ಚಳ ಬರುತ್ತದೆ. ಕ್ಯಾಮರಾ ಫೋಕಸ್ ಹುಡುಕುತ್ತ ಕೂರುವುದಿಲ್ಲ. ನೀವು ಕ್ಷಣವನ್ನಷ್ಟೇ ನೋಡಿದರೆ ಸಾಕು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸಾನ್ ಜೀವಮಾನದ ಹೆಚ್ಚಿನ ಚಿತ್ರಗಳನ್ನು ಒಂದೇ 50 ಎಂಎಂ ಲೆನ್ಸಿನಲ್ಲಿ ತೆಗೆದರು. ಒಂದೇ ಲೆನ್ಸಿಗೆ ಕಣ್ಣು ಪಳಗಿದರೆ ಕ್ಯಾಮರಾ ಎತ್ತುವ ಮೊದಲೇ ಚೌಕಟ್ಟು ಕಾಣುತ್ತದೆ. ಜೂಮ್ ಲೆನ್ಸಿನಿಂದ ರಸ್ತೆಯ ಆಚೆ ನಿಂತು ಎಳೆದು ತೆಗೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರಲ್ಲಿ ಮುಖ ಸಿಗುತ್ತದೆ, ಬೀದಿ ಸಿಗುವುದಿಲ್ಲ.

‘ನಮ್ಮಲ್ಲಿ ಮೊಬೈಲ್ ಅಷ್ಟೇ ಐತ್ರಿ’ ಎನ್ನುವವರಿಗೆ: ಅದು ಸಾಕು, ಬೇಕಾದಷ್ಟಾಯಿತು. ಸಂತೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ಯಾರೂ ಗಾಬರಿಯಾಗುವುದಿಲ್ಲ. ಲೆನ್ಸನ್ನು ಮೊದಲು ಮೆತ್ತನೆ ಬಟ್ಟೆಯಿಂದ ಒರೆಸಿ. ಮಸುಕಾದ ಚಿತ್ರಕ್ಕೆ ಅರ್ಧ ಕಾರಣ ಬೆರಳಿನ ಎಣ್ಣೆ. ಪರದೆಯ ಮೇಲೆ ಮುಖ ಇರುವಲ್ಲಿ ಬೆರಳಿಟ್ಟರೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ಅದನ್ನು ಕೆಳಗೆ ಎಳೆದರೆ ಚಿತ್ರ ಸ್ವಲ್ಪ ಕಪ್ಪಾಗಿ, ಸುಟ್ಟ ಬಿಳಿ ಸರಿಹೋಗುತ್ತದೆ. ದನಿ ಹೆಚ್ಚು ಮಾಡುವ ಬಟನ್ ಒತ್ತಿದರೂ ಬಹಳಷ್ಟು ಫೋನುಗಳಲ್ಲಿ ಫೋಟೊ ಬೀಳುತ್ತದೆ. ಎರಡು ಬೆರಳಿನಿಂದ ಎಳೆಯುವ ಡಿಜಿಟಲ್ ಜೂಮ್ ಬೇಡ. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೇ. ಹತ್ತಿರ ಹೋಗಿ. ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಕೂಡ ಬೇಡ. ಇಪ್ಪತ್ತು ವರ್ಷದ ಮೇಲೆ ಜನ ಹುಡುಕುವುದು ಆ ಹಿನ್ನೆಲೆಯನ್ನೇ.

ಇನ್ನು ಎಲ್ಲರಿಗೂ ಇರುವ ಅನುಮಾನ: ಕೇಳಿ ತೆಗೆಯಬೇಕೋ, ಕೇಳದೆಯೋ? ಸಾರ್ವಜನಿಕ ಜಾಗದಲ್ಲಿ ಫೋಟೊ ತೆಗೆಯಬಾರದು ಎಂಬ ಕಾನೂನು ನಮ್ಮಲ್ಲಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಜೈಲು ಶಿಕ್ಷೆಯ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮೂ ಇದೆ. ಯಾರದೇ ಗುಪ್ತಾಂಗಗಳ ಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ತೆಗೆದರೆ, ಹಂಚಿದರೆ ಮೂರು ವರ್ಷದವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ. ಹೊಳೆಯ ದಂಡೆಯಲ್ಲಿ ಸ್ನಾನ ಮಾಡುವವರ ಕಡೆ ಕ್ಯಾಮರಾ ತಿರುಗಿಸಲೇಬೇಡಿ. ಅಣೆಕಟ್ಟಿನ ಹತ್ತಿರ ‘ಫೋಟೊ ನಿಷೇಧ’ ಫಲಕವಿದ್ದರೆ ಕ್ಯಾಮರಾ ಚೀಲದೊಳಗೆ ಇರಲಿ. ಬಾದಾಮಿ, ಪಟ್ಟದಕಲ್ಲಿನಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್, ಅಂದರೆ ಮೂರು ಕಾಲಿನ ಸ್ಟ್ಯಾಂಡು ಬಳಸಲು ಮೊದಲೇ ಅನುಮತಿ ಬೇಕು.

ಕಾನೂನಿಗಿಂತ ಮುಂಚೆ ಊರಿನ ಮರ್ಯಾದೆ ಇದೆ. ಹೆಣ್ಣುಮಕ್ಕಳು ಒಬ್ಬರೇ ಇದ್ದಾಗ ‘ಯಕ್ಕಾರ, ಒಂದ ಫೋಟೊ ತಗೀಲಿ?’ ಎಂದು ಕೇಳದೆ ನಾನು ತೆಗೆಯುವುದಿಲ್ಲ. ಮಕ್ಕಳಾದರೆ ದೊಡ್ಡವರನ್ನು ಕೇಳುತ್ತೇನೆ. ಬೇಡ ಎಂದರೆ ಬೇಡ, ತೆಗೆದದ್ದಿದ್ದರೆ ಅವರ ಮುಂದೆಯೇ ಅಳಿಸುತ್ತೇನೆ. ಕುಡಿದು ಬಿದ್ದವರು, ಜಗಳ, ಅಳು, ಇವುಗಳ ಚಿತ್ರ ತೆಗೆಯುವುದಿಲ್ಲ. ಇದು ನನ್ನ ನಿಯಮ. ಪತ್ರಿಕೆಯವರಿಗೆ ಬೇರೆ ಕರ್ತವ್ಯ ಇರಬಹುದು.

ಈ ಪಾಠವನ್ನು ನಾನು ಕಷ್ಟದಿಂದ ಕಲಿತೆ. ಮೊದಮೊದಲು ಒಬ್ಬ ಅಜ್ಜಿ ಬಸ್ ಸ್ಟ್ಯಾಂಡಿನಲ್ಲಿ ರೊಟ್ಟಿ ಬುತ್ತಿ ಬಿಚ್ಚಿ ಉಣ್ಣುವುದನ್ನು ತೆಗೆದು ವಾಟ್ಸ್‌ಆಪ್ ಸ್ಟೇಟಸ್ಸಿಗೆ ಹಾಕಿದೆ. ನೋಡಿದವರೆಲ್ಲ ಚಂದ ಇದೆ ಎಂದರು. ಮರುದಿನ ಅವರ ಮಗ ಹುಡುಕಿಕೊಂಡು ಬಂದ. ಸಿಟ್ಟು ಮಾಡಲಿಲ್ಲ. ‘ನಮ್ಮವ್ವಗ ಮನ್ಯಾಗ ಊಟಾ ಹಾಕೂದಿಲ್ಲಂತ ಮಂದಿ ತಿಳಕೊಳ್ಳಂಗಿಲ್ಲೇನಣ್ಣಾ?’ ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂಡಲೇ ತೆಗೆದುಹಾಕಿದೆ. ಅವರ ಮನೆಗೆ ಹೋಗಿ ಅವ್ವನನ್ನು ಕೇಳಿ, ಅವರ ಬಾಗಿಲಲ್ಲೇ ಕೂರಿಸಿ ಇನ್ನೊಂದು ಚಿತ್ರ ತೆಗೆದು, ಪ್ರಿಂಟ್ ಹಾಕಿಸಿ ಕೊಟ್ಟೆ. ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಯಾರ ಮುಖ ನಿಚ್ಚಳವಾಗಿ ಬಂದಿದೆಯೋ ಅವರಿಗೆ ಮುಂದಿನ ಸಂತೆಯಲ್ಲಿ ಒಂದು ಪ್ರಿಂಟ್. ಎರಡನೇ ಸಲ ಹೋದಾಗ ‘ಯಾವ ಪೇಪರಿನವ್ರು’ ಎಂದು ಯಾರೂ ಕೇಳುವುದಿಲ್ಲ. ‘ನಂದ್ಯಾವಾಗ ಕೊಡ್ತೀ?’ ಎಂದು ಕೇಳುತ್ತಾರೆ.

ಖರ್ಚಿನ ಲೆಕ್ಕ ಹೀಗಿದೆ. ಮೊಬೈಲ್ ಇದ್ದರೆ ಹೊಸ ಖರ್ಚಿಲ್ಲ. ಕ್ಯಾಮರಾ ಬೇಕೆನ್ನುವವರು ಹೊಸದಕ್ಕೆ ಕೈ ಹಾಕುವ ಮೊದಲು ಸೆಕೆಂಡ್ ಹ್ಯಾಂಡ್ ನೋಡಿ. ಮೊದಲ ಹಂತದ ಡಿಎಸ್‌ಎಲ್‌ಆರ್ 18–55 ಲೆನ್ಸಿನೊಂದಿಗೆ ಸುಮಾರು 15ರಿಂದ 25 ಸಾವಿರ ರೂಪಾಯಿಗೆ ಸಿಗುತ್ತದೆ. ಹೊಸ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಹಗುರ ಕ್ಯಾಮರಾ, 40–50 ಸಾವಿರದಿಂದ ಶುರು. ಹಳೇದು ಕೊಳ್ಳುವಾಗ ಶಟರ್ ಕೌಂಟ್ ಕೇಳಿ. ಗಾಡಿಗೆ ಕಿಲೋಮೀಟರ್ ಇದ್ದ ಹಾಗೆ, ಇದುವರೆಗೆ ಎಷ್ಟು ಫೋಟೊ ತೆಗೆದಿದೆ ಎಂಬ ಸಂಖ್ಯೆ ಅದು. ಮದುವೆ ಸ್ಟುಡಿಯೊಗಳಲ್ಲಿ ದುಡಿದ ಕ್ಯಾಮರಾಗಳಲ್ಲಿ ಇದು ಲಕ್ಷ ದಾಟಿರಬಹುದು. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಬೂಸರು ಇದೆಯೇ ನೋಡಿ, ಇದ್ದರೆ ಬಿಟ್ಟುಬಿಡಿ.

ಪ್ರಿಂಟ್ ನಮ್ಮ ಕಡೆಯ ಸ್ಟುಡಿಯೊಗಳಲ್ಲಿಯೇ ಆಗುತ್ತದೆ. 4×6 ಇಂಚಿನದಕ್ಕೆ ಸಾಮಾನ್ಯವಾಗಿ 10ರಿಂದ 20 ರೂಪಾಯಿ. ಹೆಚ್ಚು ಹಾಕಿಸಿದರೆ ಕಡಿಮೆ ಮಾಡುತ್ತಾರೆ. ಈ ಅಳತೆಗೆ 1200ಕ್ಕೆ 1800 ಪಿಕ್ಸೆಲ್, ಅಂದರೆ ಅಷ್ಟು ಬಣ್ಣದ ಚುಕ್ಕಿಗಳು, ಇದ್ದರೆ ಸಾಕು. ಈಗಿನ ಯಾವ ಮೊಬೈಲಿನಲ್ಲೂ ಅದಕ್ಕಿಂತ ಹೆಚ್ಚು ಇರುತ್ತದೆ. ಒಂದು ತಪ್ಪು ಮಾಡಬೇಡಿ. ಸ್ಟುಡಿಯೊದವರಿಗೆ ಚಿತ್ರವನ್ನು ವಾಟ್ಸ್‌ಆಪಿನಲ್ಲಿ ಸುಮ್ಮನೆ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂಬುದನ್ನು ಆರಿಸಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಕ್ಯಾಮರಾ ರಿಪೇರಿಗೆ, ಹೊಸ ಸಾಮಾನಿಗೆ ವಿಜಯಪುರ ಅಥವಾ ಹುಬ್ಬಳ್ಳಿಗೆ ಹೋಗಬೇಕಾದೀತು. ಗಂಭೀರವಾಗಿ ಕಲಿಯುವವರಿಗೆ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ. 1971ರಿಂದ ಹವ್ಯಾಸಿ ಫೋಟೊಗ್ರಾಫರುಗಳನ್ನು ಬೆಳೆಸಿದ ಸಂಸ್ಥೆ ಅದು.

ನೀವು ತೆಗೆದ ಚಿತ್ರದ ಹಕ್ಕು ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಿಮ್ಮ ಜೀವಮಾನವಿಡೀ, ಆಮೇಲೆ ನೀವು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅದು ಉಳಿಯುತ್ತದೆ. ದುಡ್ಡು ಕೊಟ್ಟು ತೆಗೆಸಿದ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದು.

ಎಲ್ಲಿಂದ ಶುರು ಮಾಡಬೇಕು ಎಂದರೆ ನಿಮ್ಮ ಮನೆಯ ಬಾಗಿಲಿನಿಂದ. ಆಮೇಲೆ ಓಣಿ, ಬಾವಿ, ಗಿರಣಿ, ಬಸ್ ಸ್ಟ್ಯಾಂಡು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಸಾಲುಗಟ್ಟುವ ಟ್ರ್ಯಾಕ್ಟರುಗಳು, ಅವುಗಳ ಕೆಳಗೆ ನೆರಳಿನಲ್ಲಿ ಮಲಗಿದ ಡ್ರೈವರುಗಳು. ರಬಕವಿ, ಬನಹಟ್ಟಿಯವರಾದರೆ ಮಗ್ಗದ ಸದ್ದು ಕೇಳುವ ಓಣಿಗಳಿವೆ. ಹೊಳೆದಂಡೆಯ ಊರಿನವರು ಮಾತ್ರ ತಡ ಮಾಡಬೇಡಿ, ಈ ವಾರವೇ ತೆಗೆಯಿರಿ. ಒಳ್ಳೆಯ ಹತ್ತನ್ನು ಆರಿಸಿ ಪ್ರಿಂಟ್ ಹಾಕಿಸಿ. ಮೊಬೈಲ್ ಬಿದ್ದು ಒಡೆದರೆ ಎಲ್ಲವೂ ಹೋಗುತ್ತದೆ. ಹಿಂಬದಿಯಲ್ಲಿ ಊರು, ಓಣಿ, ತಾರೀಖು, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ಮೆತ್ತನೆ ಪೆನ್ಸಿಲ್ ಒಳ್ಳೆಯದು. ನುಣುಪು ಕಾಗದದ ಮೇಲೆ ಅದು ಹಿಡಿಯದಿದ್ದರೆ ಸಿ.ಡಿ. ಮೇಲೆ ಬರೆಯುವ ಮಾರ್ಕರ್ ಬಳಸಿ, ಮಸಿ ಆರಿದ ಮೇಲೆ ಒಂದರ ಮೇಲೊಂದು ಇಡಿ.